ಕಟ್ಟ ಕಟ್ಟುವ ತಿಂಗಳು

ಮುನ್ನೂರು ಯೂನಿಟ್ ಕರೆಂಟು ಪುಕ್ಕಟೆ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಝುವಾರಿನಗರದ ಒಂದು ಕೋಣೆಯ ಮನೆಯಲ್ಲಿ. 2022ರ ಜನವರಿ ತಿಂಗಳು. ಫೆಬ್ರವರಿ 14ಕ್ಕೆ ಗೋವಾ ವಿಧಾನಸಭೆಗೆ ಮತದಾನ. ಗದಗದ ಕಡೆಯಿಂದ ಬಂದು ನಮ್ಮ ವಾಸ್ಕೊದ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಹೆಂಗಸೊಬ್ಬಳ ಮಗನ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಲು ಹೋಗಿದ್ದೆ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಇಂಥ ಕೆಲಸಗಳು ತಾವಾಗಿ ಹುಡುಕಿಕೊಂಡು ಬರುತ್ತವೆ.

"ಸರ, ಮುನ್ನೂರು ಯೂನಿಟ್ ಅಂದ್ರ ಎಷ್ಟ್ರಿ?" ಎಂದು ಕೇಳಿದಳು.

ನಾನು ಅವಳ ಮನೆಯನ್ನು ನೋಡಿದೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಸಣ್ಣ ಟಿ.ವಿ. ಅರ್ಜಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೂ ತಿಂಗಳಿಗೆ 27 ಯೂನಿಟ್. ಬಲ್ಬುಗಳಿಗೆ ಮೂರು, ಟಿ.ವಿ.ಗೆ ಒಂಬತ್ತು. ಹೆಚ್ಚೆಂದರೆ ನಲುವತ್ತು.

"ಹಂಗಾರ ಉಳದದ್ದು ಯಾರಿಗ್ರಿ?"

ಉತ್ತರ ಹೇಳುವ ಮೊದಲೇ ಅವಳೇ ಇನ್ನೊಂದು ಮಾತು ಹೇಳಿದಳು. "ಮೀಟರ್ ಮಾಲಕರ ಹೆಸರಿಲೆ ಐತ್ರಿ. ಬಲ್ಬಿಗೆ ಇಷ್ಟು, ಫ್ಯಾನಿಗೆ ಇಷ್ಟು ಅಂತ ನಾವು ಅವರ ಕೈಯಾಗ ಕೊಡ್ತೀವಿ. ಸರಕಾರ ಪುಕ್ಕಟೆ ಕೊಟ್ರ ಅದು ಅವರಿಗೆ ಮುಟ್ಟತೈತಿ."

ಮೂವತ್ತು ವರ್ಷಕ್ಕೂ ಮಿಕ್ಕಿ ಲೆಕ್ಕದ ಪುಸ್ತಕ ಬರೆದ ನನಗೆ ಹೊಳೆಯದ ಅಂಶ ಅದು.

ಆ ಚುನಾವಣೆಯನ್ನು ಈಗ ನೆನೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಮ್ ಆದ್ಮಿ ಪಕ್ಷ 300 ಯೂನಿಟ್ ವಿದ್ಯುತ್ತು ಎಂದಿತು. ಕಾಂಗ್ರೆಸ್ಸು ಪೆಟ್ರೋಲು 80 ರೂಪಾಯಿ ದಾಟಲು ಬಿಡುವುದಿಲ್ಲ ಎಂದಿತು. ಭಾರತೀಯ ಜನತಾ ಪಕ್ಷ ವರ್ಷಕ್ಕೆ ಮೂರು ಅಡುಗೆ ಅನಿಲದ ಸಿಲಿಂಡರು ಎಂದಿತು. ಮೂವರೂ ಕೊಡುತ್ತೇವೆಂದದ್ದು ಉರಿಯುವ ವಸ್ತುವನ್ನೇ. ಅದೇ ಪ್ರಣಾಳಿಕೆಗಳಲ್ಲಿ ಕಾಡು, ಕರಾವಳಿ, ಹವಾಮಾನ ಎಂದೂ ಪುಟಗಳಿದ್ದವು. ಉರಿಸುವುದಕ್ಕೂ ಉಳಿಸುವುದಕ್ಕೂ ನಡುವೆ ಲೆಕ್ಕ ಹೊಂದಿಸುವವನು ಯಾರು ಎಂದು ಮಾತ್ರ ಯಾರೂ ಬರೆದಿರಲಿಲ್ಲ.

ಓದುಗರಿಗೆ ನನ್ನ ಜಾಯಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹಳೆಯ ಕಾಲದವನು, ಸಂಪ್ರದಾಯಸ್ಥ. ಗಡಿಗೆ ತಾಗಿದ ನಮ್ಮ ಮನೆಯಲ್ಲಿ ತಂದೆಯವರು ಅಂಗಡಿಯಲ್ಲಿ ಕಡ ಹೇಳಿದವರಲ್ಲ. 1970ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆ ಹೋದಾಗಲೂ "ಉಳಿದದ್ದನ್ನು ನೋಡಿಕೊಳ್ಳುವ" ಎಂದು ಹಾರೆ ಹಿಡಿದವರು. ಆ ಗದ್ದೆಗಳು ಒಕ್ಕಲುಗಳಿಗೆ ಸಿಕ್ಕಿದ್ದು ನ್ಯಾಯವೇ ಎಂದು ನನಗೆ ಆಮೇಲೆ ಅನಿಸಿತು. ತಂದೆಯವರಿಗೆ ಕೊನೆಯವರೆಗೂ ಅನಿಸಲಿಲ್ಲ. ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದರೆ ಈಗಲೂ ನನ್ನ ಕೈ ಜೇಬಿನ ಮೇಲೆ ಹೋಗುತ್ತದೆ. ಹವಾಮಾನದ ವಿಷಯದಲ್ಲೂ ಹಾಗೆಯೇ. ನಾಳೆಯೇ ಪ್ರಳಯ ಎಂದು ಕೂಗುವವರನ್ನು ಕಂಡರೆ, ಇವರು ಕಳೆದ ತಿಂಗಳು ಎಷ್ಟು ಸಲ ವಿಮಾನ ಹತ್ತಿದರು ಎಂದು ಕೇಳುವ ಚಪಲ ನನಗೆ.

ಬ್ಯಾಂಕಿನ ನೌಕರಿಯಲ್ಲಿ 1988ರಲ್ಲಿ ಗೋವೆಗೆ ಬಂದೆ. ಹಿಂದಿನ ವರ್ಷ, 1987ರ ಮೇ 30ಕ್ಕೆ, ಗೋವಾ ಪೂರ್ಣ ರಾಜ್ಯವಾಗಿತ್ತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1967ರ ಜನವರಿ 16ರಂದು, ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಎಂದು ಅಲ್ಲಿನ ಜನರನ್ನೇ ಕೇಳಿದ್ದರು, ಜನ ಬೇಡವೆಂದರು. 34 ಸಾವಿರದಷ್ಟು ಮತಗಳ ಅಂತರ. ಕಾಸರಗೋಡಿನಿಂದ ಹೋದವನಿಗೆ ಇದು ಹೊಟ್ಟೆಕಿಚ್ಚಿನ ವಿಷಯ ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮನ್ನು ಯಾರೂ ಕೇಳಲಿಲ್ಲ. ಈ ಸಂಚಿಕೆಯ ಆಚೆ ಪುಟಗಳನ್ನು ಓದುವ ಮಲಯಾಳಿ ಗೆಳೆಯರು ಇದನ್ನು ಬೇಸರಿಸದೆ ಕೇಳಿಸಿಕೊಳ್ಳುತ್ತಾರೆಂದು ಬಲ್ಲೆ. ಇಷ್ಟು ವರ್ಷ ಒಂದೇ ಬಾವಿಯ ನೀರು ಕುಡಿದವರಲ್ಲವೇ ನಾವು.

ಬಂದ ಮರುವರ್ಷವೇ ಲೋಕಸಭಾ ಚುನಾವಣೆ. ಗಡಿಯಾಚೆ ಉತ್ತರ ಕನ್ನಡದಲ್ಲಿ ಶಿವರಾಮ ಕಾರಂತರು ನಿಂತರು. ಕಾಳಿ ನದಿಯ ದಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂಬುದು ಅವರ ವಾದ. ವಯಸ್ಸು 87. ನಾನು ಒಂದು ಭಾನುವಾರ ಬಸ್ಸು ಹಿಡಿದು ಕಾರವಾರಕ್ಕೆ ಹೋಗಿ ಅವರ ಮಾತು ಕೇಳಿ ಬಂದೆ. ನನಗೆ ಅವರ ವಾದ ಒಪ್ಪಿಗೆಯಾಗಲಿಲ್ಲ. ದೇಶಕ್ಕೆ ವಿದ್ಯುತ್ತು ಬೇಕು, ಕಲ್ಲಿದ್ದಲಿನ ಹೊಗೆಗಿಂತ ಅಣು ವಾಸಿ ಎಂಬುದು ಆಗಲೂ ನನ್ನ ಅಭಿಪ್ರಾಯ, ಈಗಲೂ. ಅವರು ಸೋತರು. 1994ರ ಮೇ ತಿಂಗಳಿನಲ್ಲಿ, ಕಟ್ಟುತ್ತಿದ್ದಾಗಲೇ, ಸ್ಥಾವರದ ಗುಮ್ಮಟದ ಒಳಪದರ ಕುಸಿದಾಗ ಮಾತ್ರ ನನಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ 2000ದಲ್ಲಿ ಕೈಗಾ ವಿದ್ಯುತ್ತು ಕೊಡತೊಡಗಿತು. 2018ರ ಕೊನೆಗೆ ಅದರ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಅಷ್ಟರ ಮಟ್ಟಿಗೆ ನನ್ನ ವಾದ ಗೆದ್ದಿತೆನ್ನಬಹುದು. ಆದರೆ ಆ ಭಾನುವಾರದ ಸಭೆಯಲ್ಲಿ ನಾನು ಗಮನಿಸಿದ್ದು ಇನ್ನೊಂದು. ಆ ಮುದುಕ ಯಾರಿಗೂ ಏನನ್ನೂ ಕೊಡುತ್ತೇನೆಂದು ಹೇಳಲಿಲ್ಲ. ಕೈಬೀಸಿಕೊಂಡು ಬಂದು ಮತ ಕೇಳಿ ಹೋದರು. ಅಂಥ ಅಭ್ಯರ್ಥಿಯನ್ನು ಮತ್ತೆ ನೋಡುವ ಭಾಗ್ಯ ನನಗೆ ಒದಗಲಿಲ್ಲ.

ಇನ್ನೊಂದು ಚುನಾವಣೆ 2012ರದ್ದು. ಮನೋಹರ ಪರ್ರೀಕರ್ ಪೆಟ್ರೋಲಿನ ಮೇಲಿನ ವ್ಯಾಟ್ ತೆಗೆಯುತ್ತೇನೆಂದಿದ್ದರು. ಗೆದ್ದ ಮೇಲೆ ಹೇಳಿದಂತೆಯೇ ನಡೆದರು. ತೆರಿಗೆ ಹೆಸರಿಗೆ ಮಾತ್ರ ಉಳಿದು, ಲೀಟರಿಗೆ ಸುಮಾರು 11 ರೂಪಾಯಿ ಇಳಿಯಿತು. ಕೊಟ್ಟ ಮಾತು ಉಳಿಸಿಕೊಂಡರಲ್ಲ ಎಂದು ನಾನು ಮೆಚ್ಚಿದೆ. ಊರಿಗೆ ಹೋಗುವಾಗ ಕಾಣಕೋಣದ ಕಡೆಯ ಪಂಪುಗಳಲ್ಲಿ ಕೆ.ಎ. 30 ನಂಬರಿನ ಕಾರವಾರದ ಗಾಡಿಗಳು ಸಾಲುಗಟ್ಟಿದ್ದನ್ನು ಕಂಡು ನಗು ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದಿರಿನ ಗಣಿಗಳು ನಿಂತವು. ಬೊಕ್ಕಸಕ್ಕೆ ಅತ್ತ ಪೆಟ್ರೋಲಿನ ಹಣವೂ ಇಲ್ಲ, ಇತ್ತ ಗಣಿಯ ಹಣವೂ ಇಲ್ಲ. ಮುಂದಿನ ವರ್ಷಗಳಲ್ಲಿ ತೆರಿಗೆ ಮೆಲ್ಲಮೆಲ್ಲನೆ ಮರಳಿತು. ಮರಳುವುದಕ್ಕೆ ಮೆರವಣಿಗೆ ಇರಲಿಲ್ಲ. ಗಣಿ ನಿಂತಾಗ ಊರಿಗೆ ಗಂಟುಕಟ್ಟಿದ ಕನ್ನಡದ ಲಾರಿ ಚಾಲಕರ ಸಾಲದ ಖಾತೆಗಳು ಎಷ್ಟೋ ದಿನ ನನ್ನ ಮೇಜಿನ ಮೇಲಿದ್ದವು. ಅದು ಬೇರೆಯೇ ಒಂದು ಲೇಖನದ ವಸ್ತು.

ಈಗ ನಾನು ಹೇಳಬೇಕಾದ, ಹೇಳಲು ಸ್ವಲ್ಪ ಮುಜುಗರದ ಸಂಗತಿಗೆ ಬರುತ್ತೇನೆ.

ಊರಿನಿಂದ ನೆಂಟರು ಬಂದರೆ ನಾನು ಅವರನ್ನು ಕಡಲ ದಂಡೆಗೆ ಕರೆದೊಯ್ಯುವ ಮೊದಲು ತಾಂಬಡಿ ಸುರ್ಲಕ್ಕೆ ಕರೆದೊಯ್ಯುತ್ತಿದ್ದೆ. ಮೊಲ್ಲೆಂ ಕಾಡಿನ ನಡುವೆ, ತೊರೆಯ ಪಕ್ಕದಲ್ಲಿ, ಗೋವೆಯ ಕದಂಬರ ಕಾಲದ ಕರಿಕಲ್ಲಿನ ಮಹಾದೇವ ದೇವಸ್ಥಾನ. ಸುತ್ತಲಿನ ಭಗವಾನ್ ಮಹಾವೀರ ಅಭಯಾರಣ್ಯ 240 ಚದರ ಕಿಲೋಮೀಟರಿನದ್ದು. 2020ರ ಲಾಕ್‌ಡೌನಿನ ಸಮಯದಲ್ಲಿ ಈ ಕಾಡಿನ ಮೂಲಕ ಮೂರು ಯೋಜನೆಗಳು ಹಾಯುತ್ತವೆಂದು ಗಲಾಟೆಯೆದ್ದಿತು. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ಘಟ್ಟದಲ್ಲಿ ರೈಲಿನ ಎರಡನೇ ಹಳಿ, ಹೆದ್ದಾರಿಯ ಅಗಲೀಕರಣ, ಮತ್ತು ಧಾರವಾಡದ ಪಕ್ಕದ ನರೇಂದ್ರದಿಂದ ಬರುವ 400 ಕೆ.ವಿ. ವಿದ್ಯುತ್ ತಂತಿ. ಹಳಿ ಮುಖ್ಯವಾಗಿ ಮುರಗಾವ್ ಬಂದರಿನ ಕಲ್ಲಿದ್ದಲಿಗೆ ಎಂದು ವಿರೋಧಿಸುವವರ ದೂರು. ಆ ಕಲ್ಲಿದ್ದಲಿನ ದೊಡ್ಡ ಪಾಲು ಹೋಗುವುದು ನಮ್ಮ ಬಳ್ಳಾರಿಯ ಕಡೆಯ ಉಕ್ಕಿನ ಕುಲುಮೆಗಳಿಗೆ.

ನಾನು ಯೋಜನೆಯ ಪರವಾಗಿದ್ದೆ. ಗೋವೆಗೆ ಹೇಳಿಕೊಳ್ಳುವಂಥ ಸ್ವಂತ ವಿದ್ಯುದಾಗರವಿಲ್ಲ. ಬೇಕಾದ ಕರೆಂಟಿನ ಬಹುಪಾಲು ಹೊರಗಿನ ಕಲ್ಲಿದ್ದಲಿನ ಸ್ಥಾವರಗಳಿಂದ ತಂತಿಯಲ್ಲಿ ಬರಬೇಕು. ಏಸಿ ಬೇಕು, ತಂತಿ ಬೇಡ ಎಂದರೆ ಹೇಗೆ? ನಮ್ಮ ಮೇಲಿನ ಮಹಡಿಯ ಕೊಂಕಣಿ ಕುಟುಂಬದ ಹುಡುಗಿ ಆ ಹೋರಾಟದಲ್ಲಿದ್ದಳು. ಕಾಲೇಜು ಮುಗಿಸಿದ ಹುಡುಗಿ, ನನ್ನನ್ನು ಅಂಕಲ್ ಎನ್ನುವವಳು. 2020ರ ನವೆಂಬರ್ 1ರ ರಾತ್ರಿ ಚಾಂದೋರ್‌ನಲ್ಲಿ ಸಾವಿರಾರು ಜನ ಹಳಿಯ ಬಳಿ ಸೇರಿ ಬೆಳಗಾಗುವ ತನಕ ಕುಳಿತರಲ್ಲ, ಅಲ್ಲಿಗೆ ಹೊರಟು ನಿಂತವಳನ್ನು ನಾನು ಮೆಟ್ಟಿಲಲ್ಲಿ ತಡೆದು ಈ ವಾದವನ್ನೆಲ್ಲ ಮಾಡಿದೆ. ಅಂದು ಕನ್ನಡ ರಾಜ್ಯೋತ್ಸವ. ನಾವು ಆರೇಳು ಮಂದಿ ಒಬ್ಬರ ಮನೆಯಲ್ಲಿ ಬಾವುಟ ಕಟ್ಟಿ, ಮಾಸ್ಕು ಹಾಕಿಕೊಂಡೇ ಹಾಡಿ ಬಂದಿದ್ದೆವು. ಕಾಸರಗೋಡಿನವನಿಗೆ ನವೆಂಬರ್ 1 ಹಬ್ಬವೂ ಹೌದು, ತಿಥಿಯೂ ಹೌದು. ಅದರ ಕಹಿಯೂ ನನ್ನ ಮಾತಿನಲ್ಲಿ ಸೇರಿತ್ತೋ ಏನೋ. ಹುಡುಗಿ ಕೊನೆಗೆ ಇಷ್ಟೇ ಹೇಳಿದಳು. "ಅಂಕಲ್, ಚಾಂದೋರ್ ನಿಮ್ಮ ಕದಂಬರ ರಾಜಧಾನಿಯಾಗಿತ್ತಂತೆ. ನೀವೇ ಒಮ್ಮೆ ಹೇಳಿದ್ದು. ಬನ್ನಿ, ನೋಡಿಕೊಂಡು ಬರುವ." ನಾನು ಹೋಗಲಿಲ್ಲ.

2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಬಂದು ಮರಗಳು ತಂತಿಯ ಮೇಲೆ ಬಿದ್ದು ಕರೆಂಟು ಹೋದಾಗ ನನಗೆ ಒಳಗೊಳಗೇ ಗೆದ್ದ ಭಾವನೆ. ಕತ್ತಲಲ್ಲಿ ಕುಳಿತವರಿಗೆ ತಂತಿಯ ಬೆಲೆ ಗೊತ್ತಾಗಲಿ! ಮೂರನೇ ದಿನ ಅದೇ ಹುಡುಗಿ ಎರಡು ಕೊಡ ನೀರನ್ನು ಹೊತ್ತು ತಂದು ನಮ್ಮ ಬಾಗಿಲಲ್ಲಿಟ್ಟಳು. ಪಂಪು ಓಡದೆ ನಮ್ಮ ಟಾಂಕಿ ಬರಿದಾಗಿತ್ತು. ಆ ವರ್ಷ ಜುಲೈ 23ಕ್ಕೆ ಖಾಂಡೇಪಾರ್ ಕಡೆಯೆಲ್ಲ ನೆರೆ ನುಗ್ಗಿತು. 1982ರ ನಂತರ ಅಂಥದ್ದು ಕಂಡಿಲ್ಲವೆಂದರು ಹಳಬರು. ಹವಾಮಾನದ ಮಾತು ಬರೇ ವಿಮಾನ ಹತ್ತುವವರದ್ದು ಎಂಬ ನನ್ನ ಬಿಗುವು ಅಲ್ಲಿಗೆ ಸ್ವಲ್ಪ ಸಡಿಲವಾಯಿತು ಎನ್ನಬೇಕು. 2022ರಲ್ಲಿ ಸುಪ್ರೀಂ ಕೋರ್ಟು ಆ ಘಟ್ಟದ ಎರಡನೇ ಹಳಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ತೆಗೆದುಹಾಕಿತು. ತಂತಿಯನ್ನು ಹೊಸದಾಗಿ ಕಾಡು ಸೀಳಿಕೊಂಡು ಹೋಗುವ ಬದಲು ಹಳೆಯ 220 ಕೆ.ವಿ. ತಂತಿಯ ದಾರಿಯಲ್ಲೇ ಒಯ್ಯುವ ಸಲಹೆಯನ್ನು ಒಪ್ಪಿತು. ಕರೆಂಟೂ ಬರಲಿ, ಕಾಡೂ ಉಳಿಯಲಿ ಎಂಬ ಈ ದಾರಿ ನನ್ನಂಥ ಲೆಕ್ಕದವನಿಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಪರ, ಅವಳು ವಿರೋಧ ಎಂದು ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದೆ.

(ಮುಂದೆ 2024ರಲ್ಲಿ ಕರ್ನಾಟಕ ತನ್ನ ಭಾಗದ ಕಾಡಿನ ಹೆಸರಿನಲ್ಲಿ ಈ ತಂತಿಗೆ ಅಡ್ಡ ನಿಂತಿತು. ಅತ್ತ ಗೋವಾ ತನ್ನ ಕಾಡು, ತನ್ನ ಮಹದಾಯಿ ಎಂದು ಕಳಸಾ-ಬಂಡೂರಿಗೆ ಅಡ್ಡ ನಿಂತಿತ್ತು. ಒಂದೇ ಕಾಡಿನ ಎರಡು ಬದಿಗೆ ಎರಡು ಸರಕಾರಗಳು ಪರಿಸರವಾದಿಗಳಾಗುವ ಚೆಂದವನ್ನು ವಾಸ್ಕೊದ ಕನ್ನಡಿಗರು ಎರಡೂ ಭಾಷೆಯ ಪೇಪರುಗಳಲ್ಲಿ ಓದಿದೆವು.)

ಇಷ್ಟಾಗುವಾಗ ಊರಿನಿಂದ ಅಕ್ಕನ ಫೋನು. ವಿಟ್ಲದಿಂದ ಇತ್ತ, ಗಡಿಗೆ ತಾಗಿದಂತೆ ಅಕ್ಕ-ಭಾವನ ಅಡಿಕೆ ತೋಟ. ಉಡುಪಿಯ ಕಡೆಯಿಂದ ಕಾಸರಗೋಡಿಗೆ ಎಳೆಯುವ 400 ಕೆ.ವಿ. ತಂತಿಯ ದಾರಿ ತೋಟದ ಮೇಲಿನಿಂದ. ಆ ತಂತಿಗೆ 46 ಮೀಟರ್ ಅಗಲದ ಓಣಿ ಬೇಕು. ಓಣಿಯೊಳಗೆ ಎತ್ತರದ ಮರ ನಿಲ್ಲುವಂತಿಲ್ಲ. ಅಡಿಕೆ ಮರ ಎತ್ತರವಾಗದೆ ಇನ್ನೇನು ಮಾಡುತ್ತದೆ? ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೂ ಅದರೊಡನೆ ಹೋಗಬೇಕು. ಸರ್ವೆಗೆ ಬಂದ ಹುಡುಗರು ಮರ್ಯಾದಸ್ಥರು. ಚಾ ಕುಡಿದು, ನಕ್ಷೆ ಬಿಡಿಸಿ ತೋರಿಸಿ ಹೋದರಂತೆ.

"ನೀನು ಗೋವೆಯಲ್ಲಿ ಹೇಳ್ತಾ ಇದ್ದದ್ದು ಇದನ್ನೇ ಅಲ್ವಾ?" ಎಂದಳು ಅಕ್ಕ. ಕುಹಕವಿರಲಿಲ್ಲ. ತಮ್ಮ ಬ್ಯಾಂಕಿನಲ್ಲಿದ್ದವ, ಕಾಗದಪತ್ರ ತಿಳಿದವ, ಒಂದು ದಾರಿ ಹೇಳಿಯಾನು ಎಂಬ ಆಸೆ ಅಷ್ಟೆ. "ಕರೆಂಟು ಬೇಡ ಅಂತ ನಾನು ಹೇಳುವುದಿಲ್ಲ ಮಾರಾಯ. ನನ್ನ ಪಂಪೂ ಕರೆಂಟಿನದ್ದೇ. ಆದರೆ ಇದು ಅಪ್ಪ ನೆಟ್ಟ ಸಾಲು."

ಕಾಗದಪತ್ರ ನೋಡಿದೆ. ವಿದ್ಯುತ್ ತಂತಿ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯಿದೆಯ ಅಧಿಕಾರವನ್ನು ಕೊಡಬಹುದೆಂದು 2003ರ ವಿದ್ಯುತ್ ಕಾಯಿದೆ ಹೇಳುತ್ತದೆ. ಬ್ರಿಟಿಷರ ಕಾಲದ ಅಧಿಕಾರ. ಭೂಮಿಯನ್ನು ಅವರು ಕೊಳ್ಳುವುದಿಲ್ಲ. ಭೂಮಿ ನಿಮ್ಮದೇ, ತೀರ್ವೆಯೂ ನಿಮ್ಮದೇ, ಮೇಲೆ ತಂತಿ ಮಾತ್ರ ಅವರದ್ದು. ಪರಿಹಾರಕ್ಕೆ ಕೇಂದ್ರ ಸರಕಾರ 2015ರಲ್ಲಿ ಒಂದು ಮಾರ್ಗಸೂಚಿ ಮಾಡಿತು: ಗೋಪುರದ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ಓಣಿಗೆ ಹೆಚ್ಚೆಂದರೆ ಶೇ. 15. 2024ರ ಜೂನಿನಲ್ಲಿ ಅದನ್ನು ಶೇ. 200 ಮತ್ತು ಶೇ. 30 ಎಂದು ಏರಿಸಿತು. ರಾಜ್ಯಗಳು ಒಪ್ಪಿಕೊಂಡಲ್ಲಿ. ಮೂವತ್ತರ ಲೆಕ್ಕವನ್ನು ಅಕ್ಕನಿಗೆ ಫೋನಿನಲ್ಲಿ ವಿವರಿಸಿದೆ. ಅವಳು ಕೇಳಿ ಸುಮ್ಮನಾದಳು. ಆಸ್ತಿಯ ಹಕ್ಕು, ದುಡಿದವನ ಹಕ್ಕು, ಸರಕಾರ ಮನೆಯೊಳಗೆ ಕಾಲಿಡಬಾರದು ಎಂದೆಲ್ಲ ಜೀವಮಾನವಿಡೀ ಹೇಳಿದವನು ನಾನು. ಮೊಲ್ಲೆಂನ ಕಾಡಿಗೆ ಮಾತನಾಡಲು ಒಬ್ಬಳು ಹುಡುಗಿಯಾದರೂ ಇದ್ದಳು, ಅವಳ ದಾರಿಗೆ ನಾನು ಅಡ್ಡ ನಿಂತಿದ್ದೆ. ಅಕ್ಕನ ಪರವಾಗಿ ಈಗ ಯಾವ ಮೆಟ್ಟಿಲಲ್ಲಿ ನಿಂತು ಮಾತನಾಡಲಿ?

ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ನಮ್ಮಂಥವರಿಗೆ ಒಂದು ಕಾಲಕ್ಕೆ ಮೆಚ್ಚಿನ ಹೆಸರು. ಕಲ್ಲಿದ್ದಲಿನ ಕಾರ್ಮಿಕರ ಮುಷ್ಕರವನ್ನು ಮುರಿದ ಗಟ್ಟಿಗಿತ್ತಿ. ಅವರು ರಸಾಯನಶಾಸ್ತ್ರ ಓದಿದವರು, 1989ರ ನವೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಭೂಮಿ ಬಿಸಿಯಾಗುವುದರ ಬಗ್ಗೆ ಎಚ್ಚರಿಸಿದವರು ಎಂಬುದು ನನ್ನ ಬಳಗದ ಎಷ್ಟೋ ಮಂದಿಗೆ ಗೊತ್ತಿಲ್ಲ. ಅದಕ್ಕೂ ಒಂದು ವರ್ಷ ಮೊದಲು ತಮ್ಮ ಪಕ್ಷದ ಅಧಿವೇಶನದಲ್ಲಿ ಅವರು ಹೇಳಿದ್ದರ ತಾತ್ಪರ್ಯವನ್ನು ನಮ್ಮ ಭಾಷೆಗೆ ತಂದರೆ, ಭೂಮಿ ಯಾವ ತಲೆಮಾರಿಗೂ ಕ್ರಯಕ್ಕೆ ಸಿಕ್ಕಿದ್ದಲ್ಲ, ದುರಸ್ತಿಯ ಹೊಣೆಯೊಂದಿಗೆ ಜೀವಿತಾವಧಿಗೆ ಸಿಕ್ಕಿದ ಗೇಣಿ. ಮೂಲಗೇಣಿ, ಚಾಲಗೇಣಿ ಕಂಡ ನಮ್ಮ ಕಡೆಯವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಗೋವೆಯಲ್ಲಿ ಈ ಗೇಣಿಯ ಗುರುತು ಕಾಣಬೇಕಾದರೆ ಖಾಜನ್ ಗದ್ದೆಗಳಿಗೆ ಹೋಗಬೇಕು. ಉಪ್ಪುನೀರಿನ ನದಿಯ ಅಂಚಿನಲ್ಲಿ ಕೆಸರಿನ ಬಾಂದು ಕಟ್ಟಿ, ಮಾನಸ್ ಎಂಬ ಮರದ ತೂಬು ಇಟ್ಟು, ಕಡಲಿಗಿಂತ ತಗ್ಗಿನಲ್ಲಿ ಭತ್ತ ಬೆಳೆದರು. ಉಬ್ಬರಕ್ಕೆ ತೂಬು ತಾನಾಗಿ ಮುಚ್ಚುತ್ತದೆ, ಇಳಿತಕ್ಕೆ ತೆರೆಯುತ್ತದೆ. ಊರಿನ ಗಾಂವ್ಕರಿ ಅದನ್ನು ನೂರಾರು ವರ್ಷ ಕಾಯ್ದುಕೊಂಡು ಬಂತು. ಈಗ ಎಷ್ಟೋ ಕಡೆ ಬಾಂದು ಒಡೆದು ಉಪ್ಪುನೀರು ನುಗ್ಗಿದೆ. ಕಡಲು ಏರುತ್ತಿದೆ ಎಂಬ ಭಾಷಣವನ್ನು ಆ ಒಡೆದ ಬಾಂದಿನ ಪಕ್ಕದ ರಸ್ತೆಯಲ್ಲೇ ಕಟ್ಟಿದ ಚುನಾವಣಾ ವೇದಿಕೆಯಿಂದ ನಾನು ಕೇಳಿದ್ದೇನೆ. ಬಾಂದಿಗೆ ಎಷ್ಟು ಬುಟ್ಟಿ ಕೆಸರು ಬೇಕೆಂದು ಭಾಷಣದಲ್ಲಿರಲಿಲ್ಲ.

ಗೋವೆಯಲ್ಲಿ ಚುನಾವಣೆ ಬರುವುದು ಚಳಿಯ ಕೊನೆಗೆ. ನಮ್ಮ ಊರಿನಲ್ಲಿ ಅದಕ್ಕೂ ತುಸು ಮೊದಲೇ ಕಟ್ಟ ಕಟ್ಟುವ ತಿಂಗಳು. ಡಿಸೆಂಬರಿನಲ್ಲಿ ತೋಡಿನ ಹರಿವು ಸಣ್ಣದಾಗುವಾಗ ಕೆಳಗಿನವರು, ಮೇಲಿನವರು ಸೇರಿ ಕಲ್ಲು, ಮಣ್ಣು, ಅಡಿಕೆಯ ಸಲಾಕೆಗಳಿಂದ ಅಡ್ಡಕಟ್ಟ ಹಾಕಬೇಕು. ಮಳೆಗಾಲ ಬಂದರೆ ಅದು ಹೋಯಿತು, ಮರುವರ್ಷ ಮತ್ತೆ. ಏತಡ್ಕದ ಕಟ್ಟಗಳ ಹೆಸರು ಕೇಳದವರು ನಮ್ಮಲ್ಲಿ ಯಾರು? 2025ರ ಡಿಸೆಂಬರಿನಲ್ಲಿ ನಾನು ವಾಸ್ಕೊದಿಂದ ಬಂದು ಅಕ್ಕನ ಮನೆಯಲ್ಲಿದ್ದೆ. 11ಕ್ಕೆ ಪಂಚಾಯತು ಚುನಾವಣೆ. ಕಟ್ಟಕ್ಕೆ ಮೊದಲು ಇಪ್ಪತ್ತು ಜನ ಆಗುತ್ತಿದ್ದಲ್ಲಿ ಏಳು ಜನ ಆದೆವು, ಅದರಲ್ಲಿ ನನ್ನಂಥ ಸೊಂಟನೋವಿನವರು ಇಬ್ಬರು. ಕೆಲಸದ ನಡುವೆ ಅಭ್ಯರ್ಥಿಯೊಬ್ಬರು ನಾಲ್ಕು ಮಂದಿಯೊಡನೆ ತೋಡಿಗಿಳಿದು ಬಂದರು. ಮಲಯಾಳದಲ್ಲಿ ಕೈಮುಗಿದು, ಕನ್ನಡದಲ್ಲಿ ಅಕ್ಕನ ಆರೋಗ್ಯ ಕೇಳಿದರು. ಕೈಗೆ ಕೊಟ್ಟ ಹಾಳೆಯಲ್ಲಿ ಎರಡೂ ಭಾಷೆ ಇತ್ತು. ರಸ್ತೆ, ದಾರಿದೀಪ, ಪಿಂಚಣಿ. ಅಕ್ಕ ತಂತಿಯ ಓಣಿಯ ಬಗ್ಗೆ ಕೇಳಿದಳು. ಅದು ಪಂಚಾಯತಿನ ಕೈಯಲ್ಲಿಲ್ಲ ಎಂದರು. ಸತ್ಯವನ್ನೇ ಹೇಳಿದರು, ಅದಕ್ಕೆ ನಾನು ತಲೆದೂಗಿದೆ. ಹೊರಡುವಾಗ ಅವರು ಚಪ್ಪಲಿ ಕಳಚಿಟ್ಟು, ಸಾಲಿನಲ್ಲಿ ನಿಂತು, ನಾಲ್ಕು ಕಲ್ಲು ದಾಟಿಸಿ ಹೋದರು. ಐದನೆಯದನ್ನು ಹಿಡಿದ ನಾನು ಜಾರಿ ಬಿದ್ದೆ.

ಸಂಜೆ ಐದಕ್ಕೆ ನೀರು ಮೂರನೇ ಸಾಲಿನ ಕಲ್ಲಿಗೆ ಏರಿತ್ತು. ಭಾವ ಹಾರೆ ತೊಳೆದು ಹೆಗಲಿಗಿಟ್ಟುಕೊಂಡರು. ಅಕ್ಕ ತೋಟದ ಕೆಳಗಿನ ಸಾಲಿನವರೆಗೆ ನಡೆದು, ಸರ್ವೆಯವರು ಕೆಂಪು ಬಣ್ಣ ಹಚ್ಚಿದ ಮರಗಳಿಗೂ ನೀರು ಬಿಟ್ಟು ಬಂದಳು.